ಎರಡು ಮನೆಗೆ ಒಂದೇ ತಂತಿ

ಮಾರ್ಗಿಲಾನ್
17 ಏಪ್ರಿಲ್ 1988

ಬಹ್ರೋಂ ಅಣ್ಣನವರಿಗೆ,

ನೀವು ನಿಮ್ಮ ಅಕ್ಕನಿಗೆ ಫೋನ್ ಮಾಡುತ್ತೀರಿ, ಅವರು ಅಂಗಳ ದಾಟಿ ಓಡಿ ಬಂದು ಎತ್ತಿದ ಮೇಲೆ ಒಂದು ಮಾತೂ ಆಡದೆ ಸುಮ್ಮನಿದ್ದುಬಿಡುತ್ತೀರಿ. ಇದು ತಪ್ಪು. ಬೇರೆ ಯಾರೂ ನಿಮಗೆ ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತಿದ್ದೇನೆ.

ನಾನು ಯಾರೆಂದು ನಿಮಗೆ ತಿಳಿಯದು. ಹೆಸರು ಸಾನೋಬರ್, ವಯಸ್ಸು ಹತ್ತೊಂಬತ್ತು. ಹೋದ ವರ್ಷ ಹತ್ತಿ ಬಿಡಿಸುವ ಕೆಲಸ ಮುಗಿದ ಮೇಲೆ ರಿಸೋಲತ್ ಅಕ್ಕನ ಹತ್ತಿರ ರೇಷ್ಮೆ ನೇಯುವುದನ್ನು ಕಲಿಯಲು ಸೇರಿದೆ. ಈಗ ಮನೆಯಲ್ಲಿ ಮಗ್ಗ ಹಾಕಿಕೊಂಡರೆ ಮೊದಲಿನ ಹಾಗೆ ಸರ್ಕಾರದವರು ಬಂದು ತಡೆಯುವುದಿಲ್ಲ. ಅಂಗಳದಾಚೆಯ ಹಳೇ ಕೊಟ್ಟಿಗೆಯಲ್ಲಿ ಎರಡು ಮಗ್ಗಗಳಿವೆ, ಒಂದು ಅವರದು, ಇನ್ನೊಂದರಲ್ಲಿ ನಾನು ಕೂರುತ್ತೇನೆ. ನಿಮ್ಮ ವಿಳಾಸ ಸಿಕ್ಕಿದ್ದು ನೀವು ಹೊಸ ವರ್ಷಕ್ಕೆ ಕಳಿಸುವ ಕಾರ್ಡಿನಿಂದ. "ಆರೋಗ್ಯವಾಗಿರು" ಎಂಬ ಒಂದೇ ಸಾಲಿನ ಕಾರ್ಡನ್ನು ಅಕ್ಕ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿಟ್ಟಿದ್ದಾರೆ. ನಾನು ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ.

ಫೋನು ಒಳಮನೆಯಲ್ಲಿದೆ. ಎರಡು ಮಗ್ಗ ಒಟ್ಟಿಗೆ ನಡೆಯುವಾಗ ಅದು ಬಡಿದುಕೊಂಡರೂ ಕೊಟ್ಟಿಗೆಗೆ ಕೇಳುವುದಿಲ್ಲ. ಚಳಿಗಾಲದಲ್ಲಿ ಅಕ್ಕ ಆಗಾಗ ಲಾಳಿಯನ್ನು ಕೈಯಲ್ಲೇ ಹಿಡಿದು ಕಿವಿಗೊಡುತ್ತಿದ್ದರು. "ಫೋನ್ ಬಂತಾ?" ಎನ್ನುತ್ತಿದ್ದರು. ಇಲ್ಲ ಎಂದರೆ ಮತ್ತೆ ನೇಯುತ್ತಿದ್ದರು. ಇದನ್ನು ನೋಡಲಾಗದೆ ನಾನು ಕೊಟ್ಟಿಗೆಗೆ ಒಂದು ಗಂಟೆ ಮಾಡಿಕೊಟ್ಟೆ. ರೇಡಿಯೋ ಕಲಿಯುವವರ ಪುಸ್ತಿಕೆಯೊಂದರಲ್ಲಿ ನಕ್ಷೆಯಿತ್ತು. ಫೋನಿನ ತಂತಿಗೆ ಒಂದು ಕೆಪಾಸಿಟರ್, ಆಮೇಲೆ ನಾಲ್ಕು ಡಯೋಡ್, ಒಂದು ರಿಲೇ ಸ್ವಿಚ್ಚು. ಯಾರಾದರೂ ಕರೆದಾಗ ತಂತಿಯಲ್ಲಿ ಬರುವ ವಿದ್ಯುತ್ತು ರಿಲೇಯನ್ನು ಎಳೆಯುತ್ತದೆ, ರಿಲೇ ಗಂಟೆಯನ್ನು ಹೊಡೆಸಿ ಒಂದು ಕೆಂಪು ದೀಪವನ್ನೂ ಹಚ್ಚುತ್ತದೆ. ಗಂಟೆ ನಮ್ಮ ಶಾಲೆ ಬಿಸಾಕಿದ್ದು. ಹೊಡೆದರೆ ಹಿಪ್ಪುನೇರಳೆ ಮರದ ಗುಬ್ಬಿಗಳೆಲ್ಲ ಏಳುತ್ತವೆ. ಟೆಲಿಫೋನ್ ಕಂಬದ ತಂತಿ ಕೊಟ್ಟಿಗೆಯ ಗೋಡೆಗೆ ತಾಗಿಕೊಂಡೇ ಬರುತ್ತದೆ, ಅಲ್ಲಿಂದಲೇ ಲೈನು ತೆಗೆದೆ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ತಂತಿ ಜನರದು, ಅದರ ಉಪಯೋಗ ಜನರಿಗೇ ಆಗಬೇಕು ಎಂದು ನಾನು ನಂಬುತ್ತೇನೆ.

ಮಾರ್ಚಿನಲ್ಲಿ ಮೊದಲ ಸಲ ಗಂಟೆ ಹೊಡೆಯಿತು. ಅಕ್ಕ ಚಪ್ಪಲಿ ಮೆಟ್ಟದೆ ಓಡಿದರು. ತಿರುಗಿ ಬಂದಾಗ ಮುಖ ಬಿಳಚಿಕೊಂಡಿತ್ತು.

"ಯಾರಕ್ಕ?"

"ಯಾರೂ ಮಾತಾಡ್ಲಿಲ್ಲ."

"ರಾಂಗ್ ನಂಬರ್ ಇರ್ಬೇಕು ಬಿಡಿ."

"ರಾಂಗ್ ನಂಬರ್ ಆದ್ರೆ ಬೈದಾದ್ರೂ ಇಡ್ತಾರೆ. ಇದು ಹಂಗಲ್ಲ ಕಣೇ. ಉಸಿರು ಬಿಗಿ ಹಿಡ್ಕೊಂಡ ಹಂಗಿತ್ತು." ಲಾಳಿ ಎತ್ತಿಕೊಳ್ಳುತ್ತಾ ತಾವೇ ಹೇಳಿದರು, "ಚಿಕ್ಕೋನಿದ್ದಾಗ್ಲೂ ಹಿಂಗೇ. ಏನಾದ್ರೂ ತಪ್ಪು ಮಾಡ್ಬಿಟ್ರೆ ಬಂದು ಬಾಗಿಲ ಹತ್ರ ನಿಂತ್ಕೊಳ್ಳೋನು. ಬಾಯಿ ಮಾತ್ರ ಬಿಡ್ತಿರ್ಲಿಲ್ಲ."

ಅಂದಿನಿಂದ ಇದು ನಡೆಯುತ್ತಲೇ ಇದೆ. ವಾರದಲ್ಲಿ ಎರಡು ಸಲ, ಕೆಲವು ವಾರ ಇನ್ನೂ ಹೆಚ್ಚು. ನಿಮ್ಮದೂ ಪಕ್ಕದ ತುರ್ಸುನ್ ಮಾಮನದೂ ಹಂಚಿಕೊಂಡ ಲೈನು, ಅವರಲ್ಲಿ ಯಾರಾದರೂ ಮಾತಾಡುತ್ತಿದ್ದರೆ ನಿಮ್ಮ ಮನೆಯ ಫೋನು ಸತ್ತಿರುತ್ತದೆ ಎಂದು ನೀವು ಜಾರಿಕೊಳ್ಳಬೇಡಿ. ಅವರಿಗೆ ಬಂದ ಕರೆಗೆ ಇಲ್ಲಿ ಗಂಟೆ ಹೊಡೆಯುವುದಿಲ್ಲ. ಅದನ್ನು ಬೇರೆ ಮಾಡುವುದಕ್ಕೇ ಎರಡು ಗೇಟುಗಳ ನಡುವೆ ಪೆಟ್ಟಿಗೆಯಿದೆ. ಗಂಟೆ ಹೊಡೆಯಿತು ಎಂದರೆ ಅದು ಅಕ್ಕನಿಗೇ ಬಂದದ್ದು.

ಮಾತಾಡುವ ಧೈರ್ಯವಿಲ್ಲದಿದ್ದರೆ ಕರೆಯಬೇಡಿ. ಕರೆದರೆ ಮಾತಾಡಿ.

ಸಾನೋಬರ್


ಕರಗಂಡ
2 ಮೇ 1988

ತಂಗಿ ಸಾನೋಬರ್,

ನಿನ್ನ ಕಾಗದ ಬಂತು. ಗಣಿಯಿಂದ ಮೇಲೆ ಬಂದು ಮುಖ ಕೂಡ ತೊಳೆಯದೆ ಓದಿದೆ. ಕಾಗದದ ಮೇಲೆ ನನ್ನ ಹೆಬ್ಬೆಟ್ಟಿನ ಕರಿ ಬಿದ್ದಿದೆ.

ಹೌದು, ನಾನೇ. ಮಾತು ಬರಲಿಲ್ಲ.

ಇಲ್ಲಿಂದ ಲೈನು ಸರಿಯಾಗಿ ಸಿಗುವುದಿಲ್ಲ, ಬರೀ ಗೊರಗೊರ. ಅಕ್ಕ ಏನೋ ಹೇಳಿದ ಹಾಗಿತ್ತು, ತಿಳಿಯಲಿಲ್ಲ. ಏನು ಹೇಳುತ್ತಾಳೆ ಎಂದು ನೀನು ಕೇಳಿಸಿಕೊಂಡಿದ್ದರೆ ಬರಿ.

ಅಕ್ಕ ಹೊಲಿಗೆಗೆ ಕನ್ನಡಕ ಹಾಕಿಕೊಳ್ಳುತ್ತಾಳೋ ಇಲ್ಲವೋ? ಬೇಡವೆನ್ನುತ್ತಿದ್ದಳು.

ಬಹ್ರೋಂ


ಮಾರ್ಗಿಲಾನ್
15 ಮೇ 1988

ಬಹ್ರೋಂ ಅಣ್ಣ,

ನೀವು ಒಪ್ಪಿಕೊಂಡದ್ದು ನನಗೆ ಸಂತೋಷ. ನಮ್ಮ ಕಾಲದಲ್ಲಿ ತಪ್ಪನ್ನು ಒಪ್ಪಿಕೊಳ್ಳುವವರು ಕಡಿಮೆ. ನಾನು ಓದಿದ ಒಂದು ಪುಸ್ತಿಕೆಯಲ್ಲಿ, ನಿಜ ಹೇಳುವುದಕ್ಕೆ ಹೆದರುವ ಮನೆಗಳೇ ಸೇರಿ ನಿಜಕ್ಕೆ ಹೆದರುವ ದೇಶವಾಗುತ್ತದೆ ಎಂದಿತ್ತು. ನೀವು ಹೆದರಲಿಲ್ಲ. ಹಿಂದಿನ ಕಾಗದದ ಬಿರುಸಿಗೆ ಕ್ಷಮೆ ಕೇಳುತ್ತೇನೆ.

ಕನ್ನಡಕ ಹಾಕಿಕೊಳ್ಳುತ್ತಾರೆ. ಯಾರಾದರೂ ಬಂದರೆ ತೆಗೆದು ಮೊಣಕಾಲ ಕೆಳಗಿಟ್ಟುಕೊಳ್ಳುತ್ತಾರೆ. ಎರಡು ಸಲ ಮುರಿದಿದೆ.

ಅಕ್ಕ ಏನು ಹೇಳುತ್ತಾರೆ ಎಂದು ಕೇಳಿದ್ದೀರಿ. ಬೇರೆಯವರ ಮಾತು ಕದ್ದು ಕೇಳಬಾರದು. ಆದರೂ ಹೋದ ಶುಕ್ರವಾರ ಗಂಟೆ ಹೊಡೆದಾಗ ಅವರ ಹಿಂದೆಯೇ ಹೋಗಿ ವರಾಂಡದಲ್ಲಿ ನಿಂತೆ. ಮೊದಮೊದಲು "ಹಲೋ, ಹಲೋ" ಎನ್ನುತ್ತಿದ್ದವರು ಈಗ ಹಾಗೆನ್ನುವುದಿಲ್ಲ. ರಿಸೀವರ್ ಎತ್ತಿದ ಕೂಡಲೇ ನೆಲದ ಹಾಸಿನ ಮೇಲೆ ಕೂತು ನೀವು ಎದುರಿಗಿರುವ ಹಾಗೆ ಮಾತಾಡುತ್ತಾರೆ.

"ಬಹ್ರೋಂಜಾನ್, ಹಿಪ್ಪುನೇರಳೆ ಹಣ್ಣು ಬಿಟ್ಟಿದೆ. ಬಿಳೀದು. ನೀನಿದ್ದಿದ್ರೆ ಅಂಗಿ ಮುಂದೆಲ್ಲ ಅಂಟು ಮಾಡ್ಕೊಂಡಿರ್ತಿದ್ದೆ. ನೀನೇನೂ ಹೇಳ್ಬೇಡ, ಕೇಳಿಸ್ಕೋ ಸಾಕು. ನಿನ್ನ ಕೇಳ್ದೆ ನಾನು ರೊಟ್ಟಿ ಮುರಿದೆ ಕಣೋ. ಅದು ನನ್ ತಪ್ಪು. ನಿನ್ ಬಾಯಿಂದ ಒಂದು ಮಾತು ಬರ್ಲಿ ಅಂತ ಕಾಯ್ಬೇಕಿತ್ತು. ಕಾಯ್ಲಿಲ್ಲ. ನೀನು ರೊಟ್ಟಿ ಕಚ್ಚದೇನೇ ಹೊರಟೋದೆ."

ನಿಶ್ಚಿತಾರ್ಥಕ್ಕೆ ರೊಟ್ಟಿ ಮುರಿದದ್ದು ಯಾರದೆಂದು ನನಗೆ ತಿಳಿಯಲಿಲ್ಲ. ನಿಮಗೆ ಹೆಣ್ಣು ಗೊತ್ತಾಗಿತ್ತೇ? ಈ ಬೀದಿಗೆ ನಾನು ಹೊಸಬಳು, ಅಕ್ಕನನ್ನು ಕೇಳುವುದಕ್ಕೆ ನಾಲಿಗೆ ಏಳುವುದಿಲ್ಲ. ಕಚ್ಚದ ರೊಟ್ಟಿಯ ವಿಷಯ ಮಾತ್ರ ಗೊತ್ತು. ಮನೆ ಬಿಡುವವರು ತಿರುಗಿ ಬರಲೆಂದು ಕಚ್ಚಿಡುತ್ತಾರಲ್ಲ, ಹಾಗೆ ನನ್ನ ಅಣ್ಣ ಸೈನ್ಯಕ್ಕೆ ಹೋಗುವಾಗ ಕಚ್ಚಿಟ್ಟ ರೊಟ್ಟಿ ನಮ್ಮ ಗೋಡೆಯ ಮೊಳೆಯಲ್ಲಿ ಒಣಗಿ ಕಲ್ಲಾಗಿತ್ತು, ಬಂದವನು ಅದನ್ನೇ ಟೀಯಲ್ಲಿ ಅದ್ದಿ ತಿಂದ. ನಿಮ್ಮ ಮನೆಯ ಮೊಳೆಯಲ್ಲಿ ಏನೂ ಇಲ್ಲ.

ಇನ್ನೊಂದು ವಿಷಯ. ಅಕ್ಕ ಮನೆ ಬಿಟ್ಟು ಹೋಗುವುದನ್ನೇ ನಿಲ್ಲಿಸಿದ್ದಾರೆ. ಗುರುವಾರದ ಸಂತೆಗೆ ಬಟ್ಟೆ ಒಯ್ಯುವವಳು ಈಗ ನಾನು. ಸಮರ್ಕಂದದಲ್ಲಿ ನೇಕಾರರ ದೊಡ್ಡ ಪ್ರದರ್ಶನಕ್ಕೆ ಕರೆದರು, ಹೋಗಲಿಲ್ಲ. "ನಾನು ಅಲ್ಲಿದ್ದಾಗ ಗಂಟೆ ಹೊಡೆದ್ರೆ?" ಎಂದರು. ಒಂದು ಸಲ ಮಾತಾಡಿಬಿಡಿ ಅಣ್ಣ. ಆಗ ಅವರು ಬೀದಿಗಾದರೂ ಇಳಿಯುತ್ತಾರೆ.

ಸಾನೋಬರ್


ಕರಗಂಡ
11 ಜೂನ್ 1988

ತಂಗಿ,

ಮುಂದಿನ ಸಲ ಮಾತಾಡುತ್ತೇನೆ.

ಇಲ್ಲಿ ಪಾಳಿ ಬದಲಾಗಿದೆ, ಪೋಸ್ಟಾಫೀಸಿನ ಫೋನ್ ಕಟ್ಟೆಯಲ್ಲಿ ಸಾಲು ದೊಡ್ಡದು, ಅದಕ್ಕೇ ತಡ. ನಮ್ಮ ಹಾಸ್ಟೆಲಿನ ಜರ್ಮನ್ ಮುದುಕನೊಬ್ಬ ನಿನ್ನ ಗಂಟೆಯ ವಿಷಯ ಕೇಳಿ, ಆ ಹುಡುಗಿಯನ್ನು ಗಣಿಗೆ ಕರೆಸು, ನಮ್ಮ ಮೇಸ್ತ್ರಿಯನ್ನು ಎಬ್ಬಿಸುವುದಕ್ಕೆ ಒಂದು ಗಂಟೆ ಬೇಕು ಎಂದ.

ಹೋದ ವಾರವೂ ಗಂಟೆ ಹೊಡೆಯಿತೇ? ಯಾವ ಯಾವ ದಿನ? ನೆನಪಿಗಾಗಿ ಕೇಳುತ್ತಿದ್ದೇನೆ.

ಪಕ್ಕದ ಮನೆಯವರು ಹೇಗಿದ್ದಾರೆ? ಎಲ್ಲರೂ ಚೆನ್ನಾಗಿದ್ದಾರೆ ತಾನೇ?

ಅಕ್ಕ ಹೇಳಿದ್ದನ್ನು ಹಾಗೇ ಬರೆದದ್ದಕ್ಕೆ ನಿನ್ನ ಋಣ ತೀರಿಸಲಾರೆ. ಮತ್ತೇನಾದರೂ ಹೇಳಿದರೆ ಅದನ್ನೂ ಬರಿ.

ಬಹ್ರೋಂ


ಮಾರ್ಗಿಲಾನ್
21 ಆಗಸ್ಟ್ 1988

ಬಹ್ರೋಂ ಅಣ್ಣನವರಿಗೆ,

ನೀವು ಒಂದು ಸಲವೂ ಫೋನ್ ಮಾಡಿಲ್ಲ. ಸುಳ್ಳು ಹೇಳಿದಿರಿ. ಈ ಸಾಲನ್ನು ಬರೆದು ಇಡೀ ವಾರ ಕಾಗದವನ್ನು ಮುಂದುವರಿಸಲಾಗಲಿಲ್ಲ. ಏಕೆಂದರೆ ಇದಕ್ಕಿಂತ ದೊಡ್ಡದು ನನ್ನ ತಪ್ಪು.

ತುರ್ಸುನ್ ಮಾಮನ ಮಗಳು ಜುಮ್ರಾದ್‌ಗೆ ಮದುವೆ ಗೊತ್ತಾಗಿದೆ. ವರದಕ್ಷಿಣೆಯ ರಜಾಯಿ ಹೊಲಿಯುವುದಕ್ಕೆ ಬೀದಿಯ ಹೆಂಗಸರನ್ನು ಕರೆದಿದ್ದರು. ನನ್ನ ಅಮ್ಮನ ಹೊಲಿಗೆ ನುಣುಪು, ಅವಳ ಜೊತೆ ನಾನೂ ಹೋದೆ. ಹತ್ತಿ ಹರಡಿದ ಬಟ್ಟೆಯ ಸುತ್ತ ಎಲ್ಲರೂ ಮಂಡಿಯೂರಿ ಕೂತಿದ್ದಾಗ ಅವರ ಫೋನು ಬಡಿಯಿತು. ಅದೇ ಕ್ಷಣದಲ್ಲಿ ಗೋಡೆಯಾಚೆಯಿಂದ ನನ್ನ ಗಂಟೆ ಹೊಡೆಯಿತು. ಶಾಲೆಯ ಗಂಟೆ, ಅದರ ದನಿ ನನಗೆ ಗೊತ್ತು. ಮಗ್ಗ ನಿಂತದ್ದು ಕೇಳಿಸಿತು. ಅಕ್ಕ ಬರಿಗಾಲಲ್ಲಿ ಓಡಿದ್ದು ಕೇಳಿಸಿತು.

ಜುಮ್ರಾದಳ ತಾಯಿ ಖೋಸಿಯತ್ ಅತ್ತೆ ಫೋನೆತ್ತಿ, ಬೀಗರ ಕಡೆಯವರ ಜೊತೆ ಕುರಿಯ ವಿಷಯ ಮಾತಾಡಿ ಇಟ್ಟು, ನಮ್ಮ ಕಡೆ ತಿರುಗಿದರು.

"ಕೇಳಿಸ್ತಾ? ನಮ್ಗೆ ಫೋನ್ ಬಂದಾಗೆಲ್ಲ ಆ ಕಡೆಯಿಂದ ಗಂಟೆ ಹೊಡಿತಾಳೆ. ಮಾರ್ಚಲ್ಲಿ ಹುಡುಗನ ಕಡೆಯೋರು ಕೇಳೋಕೆ ಶುರು ಮಾಡಿದಾಗಿಂದ್ಲೂ ಇದೇ. ತಮ್ಮ ನಮ್ ಹುಡುಗಿನ ಬಿಟ್ಟು ಓಡಿಹೋದ, ಅಕ್ಕ ಕೂತ್ಕೊಂಡು ಅಣಕಿಸ್ತಾಳೆ."

"ಬಿಡಮ್ಮ," ಎಂದಳು ಜುಮ್ರಾದ್ ಸೂಜಿಯಿಂದ ತಲೆಯೆತ್ತದೆ. "ಹೊಡ್ಕೊಳ್ಲಿ. ಶಾಲೆ ಬಿಟ್ಟ ಹಂಗಿರುತ್ತೆ, ನಂಗೆ ಖುಷಿನೇ."

ಎಲ್ಲರೂ ನಕ್ಕರು. ನನ್ನ ಸೂಜಿ ಬೆರಳಿಗೆ ಹೊಕ್ಕಿತ್ತು.

ಆಗ ತಿಳಿಯಿತು. ಮುರಿದದ್ದು ನಿಮ್ಮ ನಿಶ್ಚಿತಾರ್ಥದ ರೊಟ್ಟಿ, ಜುಮ್ರಾದಳ ಜೊತೆ. ಬೀದಿಯೆಲ್ಲ ಆ ರೊಟ್ಟಿಯ ಚೂರು ತಿಂದ ಮೇಲೆ ನೀವು ಊರು ಬಿಟ್ಟಿರಿ, ಅಂದಿನಿಂದ ಎರಡು ಮನೆಗೂ ಮಾತಿಲ್ಲ. ಇಷ್ಟು ದಿನ ಅಕ್ಕ ನಿಮ್ಮದೆಂದು ತಿಳಿದು ಓಡಿದ್ದು, ನೀವು ಬಿಟ್ಟುಹೋದ ಹುಡುಗಿಯ ಮದುವೆ ಮಾತುಕತೆಯ ಕರೆಗಳಿಗೆ.

ತಂತಿಯದನ್ನೂ ಹೇಳುತ್ತೇನೆ. ಕಂಬದಿಂದ ಬರುವುದು ಒಂದೇ ತಂತಿ. ಅದು ಗೇಟಿನ ಪೆಟ್ಟಿಗೆ ತಲುಪಿದ ಮೇಲಷ್ಟೇ ಇದು ನಿಮ್ಮದು, ಇದು ಅವರದು ಎಂದು ಬೇರೆಯಾಗುತ್ತದೆ. ನಾನು ಲೈನು ತೆಗೆದದ್ದು ಪೆಟ್ಟಿಗೆಗಿಂತ ಮುಂಚೆ, ಕೊಟ್ಟಿಗೆಯ ಗೋಡೆಯಲ್ಲಿ. ಅಲ್ಲಿ ಎರಡು ಮನೆಯ ಕರೆಯೂ ಒಂದೇ. ಅವರಿಗೆ ಬಂದರೂ ನನ್ನ ಗಂಟೆ ಹೊಡೆಯುತ್ತದೆ, ಒಳಮನೆಯ ಫೋನು ಮಾತ್ರ ಸುಮ್ಮನಿರುತ್ತದೆ. ಅಕ್ಕ ಓಡಿ ಹೋಗಿ ಎತ್ತುವಷ್ಟರಲ್ಲಿ ಖೋಸಿಯತ್ ಅತ್ತೆ ಮಾತಾಡುತ್ತಿರುತ್ತಾರೆ, ಇತ್ತ ಲೈನು ಸತ್ತಿರುತ್ತದೆ. ಉಸಿರು ಬಿಗಿ ಹಿಡಿದ ಹಾಗೆ ಅಕ್ಕನಿಗೆ ಕೇಳಿಸಿದ್ದು ಸತ್ತ ಲೈನು. ಅಂಗಳ ದಾಟಿಸುವಷ್ಟು ತಂತಿ ಉಳಿಯಿತೆಂದು ಆವತ್ತು ಹಿಗ್ಗಿದ್ದೆ. ಪುಸ್ತಿಕೆಯಲ್ಲಿ "ಲೈನಿಗೆ ಜೋಡಿಸಿ" ಎಂದಷ್ಟೇ ಇತ್ತು. ಪುಸ್ತಿಕೆ ಬರೆದವರ ಮನೆಗೆ ಅವರದೇ ಲೈನು ಇದ್ದಿರಬೇಕು. ನಮ್ಮ ಬೀದಿಯಲ್ಲಿ ಪೆಟ್ಟಿಗೆಯಿಲ್ಲದ ಮನೆಯೇ ಇಲ್ಲ, ಅದನ್ನು ದಿನಾ ನೋಡುತ್ತಿದ್ದವಳು ನಾನು. ಅದರ ಬಗ್ಗೆ ನಿಮಗೆ ಪಾಠವನ್ನೂ ಹೇಳಿದೆ.

ನನ್ನ ತಪ್ಪು ಗೊತ್ತಿಲ್ಲದೆ ಆದದ್ದು ಎನ್ನಬಹುದು. ನಿಮ್ಮದು ಗೊತ್ತಿದ್ದೂ ಆಡಿದ ಸುಳ್ಳು. ಏಕೆ ಆಡಿದಿರಿ?

ಸಾನೋಬರ್


ಕರಗಂಡ
2 ಸೆಪ್ಟೆಂಬರ್ 1988

ಸಾನೋಬರ್,

ನೀನು ಹೇಳಿದ್ದು ನಿಜ. ಒಂದು ಸಲವೂ ಮಾಡಿಲ್ಲ.

ನಿನ್ನ ಮೊದಲ ಕಾಗದ ಓದಿದಾಗ ಹೀಗನ್ನಿಸಿತು: ಫೋನ್ ಮಾಡಿ ಸುಮ್ಮನಿರುವ ತಮ್ಮ, ಫೋನೇ ಮಾಡದ ತಮ್ಮನಿಗಿಂತ ವಾಸಿ. ಆ ವಾಸಿಯವನು ನಾನಾಗಿಬಿಡೋಣ ಎನ್ನಿಸಿತು. ನನಗಿಂತ ಒಳ್ಳೆಯವನು ಯಾರೋ ನನ್ನ ಹೆಸರಿನಲ್ಲಿ ನನ್ನ ಅಕ್ಕನನ್ನು ಕರೆಯುತ್ತಿದ್ದ. ಅವನು ಯಾರೆಂದು ನಾನು ವಿಚಾರಿಸಲಿಲ್ಲ.

ಅಮ್ಮ ತೀರಿಕೊಂಡಾಗ ನನಗೆ ಆರು ವರ್ಷ. ಅಕ್ಕ ನನ್ನನ್ನು ಸಾಕುವುದಕ್ಕಾಗಿ ತನಗೆ ಬಂದ ಗಂಡುಗಳನ್ನೆಲ್ಲ ತಿರುಗಿಸಿ ಕಳಿಸಿದಳು. ಅಂಥವಳು ಒಂದು ಸಂಜೆ ನಗುತ್ತಾ ಬಂದು, "ಜುಮ್ರಾದ್‌ನ ಕೇಳಿದೀನಿ, ನಾಡಿದ್ದು ರೊಟ್ಟಿ ಮುರಿಯೋದು" ಎಂದಳು. ನನಗೆ ಬೇಡವೆನ್ನಲು ಆಗಲಿಲ್ಲ. ಆ ಹುಡುಗಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಬೇಡವೆನ್ನುವುದಕ್ಕೆ ಕಾರಣವೇ ಇಲ್ಲದ್ದರಿಂದ ಬಾಯಿ ಬಿಡಲಿಲ್ಲ. ರೊಟ್ಟಿ ಮುರಿದರು, ನಾನೂ ತಿಂದೆ. ಮೂರನೇ ದಿನ ಬೆಳಿಗ್ಗೆ ಸಿಗರೇಟು ತರುತ್ತೇನೆಂದು ಹೇಳಿ ಹೊರಟವನು ತಾಷ್ಕೆಂಟಿನ ಬಸ್ಸು ಹತ್ತಿದೆ.

ಇಲ್ಲಿ ಎರಡು ಸಲ ಪೋಸ್ಟಾಫೀಸಿಗೆ ಹೋಗಿ ಟ್ರಂಕ್ ಕಾಲ್ ಬರೆಸಿದ್ದೆ. "ಮಾರ್ಗಿಲಾನ್, ಮೂರನೇ ಬೂತು" ಎಂದು ಕೂಗಿದಾಗ ಎದ್ದು ಬೀದಿಗೆ ಹೋದೆ. ಅಲ್ಲಿ ಚೀಟಿ ಕೊಡುವ ಹೆಂಗಸು ಎರಡನೇ ಸಲ ನನ್ನ ಗುರುತು ಹಿಡಿದು, "ಈ ಸಲಾನೂ ಓಡ್ತೀಯಾ?" ಎಂದು ಕೇಳಿಯೇ ಚೀಟಿ ಕೊಟ್ಟಿದ್ದಳು.

ರೊಟ್ಟಿ ಮುರಿದದ್ದು ತನ್ನ ತಪ್ಪೆಂದು ಅಕ್ಕ ಯಾರಿಗೋ ಹೇಳಿದಳಲ್ಲ, ಅದು ನನ್ನ ಕಿವಿಗೆ ಬಿದ್ದದ್ದು ನಿನ್ನಿಂದ. ಅದನ್ನು ನಾನು ಕದ್ದಂತೆ ಆಯಿತು. ನೀನು ನಿನ್ನನ್ನು ಬೈದುಕೊಳ್ಳಬೇಡ.

ಅಕ್ಕನಿಗೆ ಹೇಳಿದೆಯಾ?

ಬಹ್ರೋಂ


ಮಾರ್ಗಿಲಾನ್
11 ಸೆಪ್ಟೆಂಬರ್ 1988

ಬಹ್ರೋಂ ಅಣ್ಣ,

ಹೇಳಿಲ್ಲ. ಇನ್ನೂ ಕೆಟ್ಟದ್ದನ್ನು ಮಾಡಿದ್ದೇನೆ.

ನಿಮಗೆ ಹಿಂದಿನ ಕಾಗದ ಹಾಕಿದ ಮರುದಿನ ಅಕ್ಕ ಬಣ್ಣದ ನೂಲು ತರಲು ಒಳಗೆ ಹೋದಾಗ ಏಣಿ ಹತ್ತಿ ಆ ತಂತಿಯನ್ನು ಬಿಡಿಸಿದೆ. ಪೆಟ್ಟಿಗೆಯಾಚೆಯಿಂದ, ಒಳಮನೆಗೆ ಹೋಗುವ ತುದಿಯಿಂದ ಹೊಸ ತಂತಿ ಎಳೆದು ಕೊಟ್ಟಿಗೆಗೆ ತಂದೆ. ಈಗ ಗಂಟೆ ಸರಿಯಾಗಿತ್ತು, ಅಕ್ಕನಿಗೆ ಬಂದ ಕರೆಗೆ ಮಾತ್ರ ಹೊಡೆಯುತ್ತಿತ್ತು. ಯಾರೂ ಅವರಿಗೆ ಫೋನ್ ಮಾಡುವುದಿಲ್ಲವಾದ್ದರಿಂದ ಅದು ಹೊಡೆಯಲೇ ಇಲ್ಲ.

ಒಂದು ವಾರ ಅಕ್ಕನ ನೇಯ್ಗೆಯಲ್ಲಿ ಎಳೆ ತಪ್ಪುತ್ತಿತ್ತು. ಅವರ ಕೈಯಲ್ಲಿ ಎಳೆ ತಪ್ಪಿದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಲಾಳಿ ಕೆಳಗಿಟ್ಟರು.

"ನೋಡೇ ಹುಡ್ಗಿ, ಗಂಟೆ ಕೆಟ್ಟಿದೆ ಅನ್ಸುತ್ತೆ. ಸ್ವಲ್ಪ ನೋಡ್ತೀಯಾ?"

"ಕೆಟ್ಟಿಲ್ಲ ಅಕ್ಕ."

"ಮತ್ತೆ ಯಾಕೆ ಹೊಡೀತಿಲ್ಲ? ಅವ್ನಿಗೇನಾದ್ರೂ ಆಗಿದ್ಯಾ? ಗಣಿ ಅಂದ್ರೆ ಸುಮ್ನೆನಾ? ಮೇಲಿಂದ ಕುಸಿದ್ರೆ..."

ನಾನು ಏಣಿ ಹತ್ತಿದೆ. ನಿಜ ಹೇಳುವುದಕ್ಕೆ ಹೆದರುವ ಮನೆಗಳ ಬಗ್ಗೆ ನಿಮಗೆ ಬರೆದವಳೇ ಏಣಿ ಹತ್ತಿ, ಹೊಸ ತಂತಿ ಕಿತ್ತು, ಹಳೆಯ ಜಾಗದಲ್ಲೇ, ತಪ್ಪು ಜಾಗದಲ್ಲೇ, ಗೊತ್ತಿದ್ದೂ ಬೆಸುಗೆ ಹಾಕಿದೆ. ಕೆಳಗೆ ಅಕ್ಕ ಏಣಿ ಹಿಡಿದುಕೊಂಡು ನಿಂತಿದ್ದರು, "ಬಿದ್ದೀಯ, ಹುಷಾರು" ಎನ್ನುತ್ತಿದ್ದರು. ಸಂಜೆಗೆ ಗಂಟೆ ಹೊಡೆಯಿತು. ಅವರು ಓಡಿದರು. ಅವರು ರಿಸೀವರಿನಲ್ಲಿ ಅಳುತ್ತಾ "ಇದ್ದೀಯಲ್ಲ, ಸಾಕು, ಇದ್ದೀಯಲ್ಲ" ಎನ್ನುವುದನ್ನು ಕೇಳಲಾಗದೆ ನಾನು ಕೊಟ್ಟಿಗೆಯಲ್ಲಿ ಎರಡೂ ಮಗ್ಗಗಳ ನಡುವೆ ಕಿವಿ ಮುಚ್ಚಿಕೊಂಡು ಕೂತೆ.

ನಿಮ್ಮ ಸುಳ್ಳನ್ನು ಪ್ರಶ್ನಿಸುವುದಕ್ಕೆ ನನಗಿನ್ನು ಬಾಯಿಲ್ಲ.

ಸಾನೋಬರ್


ಕರಗಂಡ
16 ಸೆಪ್ಟೆಂಬರ್ 1988

ಸಾನೋಬರ್,

ವಿಮಾನದ ಅಂಚೆಗೆ ಹಾಕುತ್ತಿದ್ದೇನೆ, ಚಿಕ್ಕದಾಗಿ ಬರೆಯುತ್ತೇನೆ.

ತಂತಿಯನ್ನು ಸರಿ ಜಾಗಕ್ಕೆ ಹಾಕು. ಅಕ್ಕನಿಗೆ ಎಲ್ಲ ಹೇಳು, ನನ್ನ ಸುಳ್ಳನ್ನೂ ಸೇರಿಸಿ. ಸೆಪ್ಟೆಂಬರ್ 25, ಭಾನುವಾರ, ಬೆಳಿಗ್ಗೆ ಹತ್ತಕ್ಕೆ ಟ್ರಂಕ್ ಕಾಲ್ ಬರೆಸಿದ್ದೇನೆ. ಚೀಟಿ ಕೊಟ್ಟವಳು ಈ ಸಲ ಬೂತಿನ ಬಾಗಿಲಿಗೆ ಅಡ್ಡ ನಿಲ್ಲುತ್ತಾಳಂತೆ.

ನಾನು ಮಾತಾಡುತ್ತೇನೆ.

ಬಹ್ರೋಂ


ಮಾರ್ಗಿಲಾನ್
26 ಸೆಪ್ಟೆಂಬರ್ 1988

ಬಹ್ರೋಂ ಅಣ್ಣ,

ನಿನ್ನೆ ನೀವು ಕರೆದಿರಿ. ಅಕ್ಕ ಎತ್ತಲಿಲ್ಲ. ಕೇಳಿಸಿಯೂ ಎತ್ತಲಿಲ್ಲ ಎಂದು ನೀವು ತಿಳಿಯುವ ಮುಂಚೆ ನಡೆದದ್ದನ್ನು ಕೇಳಿ.

ಶನಿವಾರ ಬೆಳಿಗ್ಗೆ ತಂತಿ ಸರಿ ಮಾಡಿ, ಅಕ್ಕನ ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಪೆಟ್ಟಿಗೆ, ಜುಮ್ರಾದಳ ಮದುವೆ, ನಿಮ್ಮ ಸುಳ್ಳು, ನನ್ನ ಏಣಿ. ನಾನು ಹೇಳಿ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದರು.

"ಹಂಗಾದ್ರೆ ಇಷ್ಟು ದಿನ ನಾನು ಮಾತಾಡಿದ್ದು ಯಾರ್ ಜೊತೆ?"

"ಯಾರ ಜೊತೇನೂ ಅಲ್ಲ ಅಕ್ಕ."

"ನೀನು ನಿಂತು ಕೇಳ್ತಿದ್ದೆ."

ಹೌದೆಂದೆ. ಅವರು ನೂಲು ಕತ್ತರಿಸುವ ಕತ್ತರಿ ತೆಗೆದುಕೊಂಡು ಸ್ಟೂಲು ಹತ್ತಿ ಗಂಟೆಯ ತಂತಿಯನ್ನು ತುಂಡು ಮಾಡಿದರು. ನನ್ನ ಚಪ್ಪಲಿಗಳನ್ನು ತಂದು ಗೇಟಿನ ಹೊರಗಿಟ್ಟರು. ನಾನು ನಾಳೆ ಹತ್ತಕ್ಕೆ ನೀವು ಕರೆಯುತ್ತೀರೆಂದೆ. "ಸಾಕು ನಿನ್ ಕತೆ" ಎಂದು ಚಿಲಕ ಹಾಕಿದರು.

ಭಾನುವಾರ ಹತ್ತಕ್ಕೆ ನಾನು ಗೇಟಿನ ಹೊರಗೆ ನಿಂತಿದ್ದೆ. ಒಳಗೆ ಮಗ್ಗ ನಡೆಯುತ್ತಿತ್ತು. ಭಾನುವಾರ ಅವರು ಎಂದೂ ನೇಯುವುದಿಲ್ಲ. ಒಳಮನೆಯ ಬೀದಿ ಕಿಟಕಿಯಿಂದ ಫೋನು ಬಡಿಯುವುದು ಕೇಳಿಸಿತು, ಉದ್ದಕ್ಕೆ, ಬಿಡುವಿಲ್ಲದೆ, ಟ್ರಂಕ್ ಕಾಲಿನ ಬಡಿತ. ಇಷ್ಟು ತಿಂಗಳಲ್ಲಿ ನನ್ನ ಗಂಟೆ ಒಮ್ಮೆಯೂ ಹಾಗೆ ಹೊಡೆದಿರಲಿಲ್ಲ. ಮೊದಲೇ ನನಗೆ ಅನುಮಾನ ಬರಬೇಕಿತ್ತು.

"ಅಕ್ಕ, ಫೋನು. ಬಹ್ರೋಂ ಅಣ್ಣ ಅಕ್ಕ, ನಿಜವಾಗ್ಲೂ," ಎಂದು ಗೇಟು ಬಡಿದೆ. ಮಗ್ಗ ನಿಲ್ಲಲಿಲ್ಲ. ಕಿರುಚಿದೆ. ಮಗ್ಗ ಇನ್ನೂ ಜೋರಾಯಿತು. ಫೋನು ಬಡಿದು ಬಡಿದು ನಿಂತಿತು. ನಾನು ಗೇಟಿಗೆ ಒರಗಿ ಕೂತುಬಿಟ್ಟೆ.

ಪಕ್ಕದ ಗೇಟು ತೆರೆಯಿತು. ಖೋಸಿಯತ್ ಅತ್ತೆ ಕೈಯೆಲ್ಲ ಹಿಟ್ಟು ಮಾಡಿಕೊಂಡು ಬಂದರು.

"ಏನೇ ಇದು, ಬೀದಿ ತಲೆ ಮೇಲೆ ಹೊತ್ಕೊಂಡಿದೀಯ?"

ಅವರಿಗೂ ಹೇಳಿದೆ. ಗಂಟೆ ಅಣಕಿಸುವುದಕ್ಕಲ್ಲ, ನನ್ನ ತಪ್ಪು, ಅಕ್ಕನಿಗೆ ಏನೂ ಗೊತ್ತಿರಲಿಲ್ಲ, ಅವರು ಪ್ರತಿ ಸಲವೂ ತಮ್ಮನೆಂದು ಓಡುತ್ತಿದ್ದರು, ಈಗ ನಿಜವಾಗಿ ಬಂದಾಗ ನಂಬುತ್ತಿಲ್ಲ. ಅತ್ತೆ ಕೈಯ ಹಿಟ್ಟನ್ನು ಉಜ್ಜಿಕೊಳ್ಳುತ್ತಾ ನಿಮ್ಮ ಗೇಟಿನ ಕಡೆ ನೋಡಿದರು.

"ಪ್ರತಿ ಸಲಾನೂ ಓಡ್ತಿದ್ಲಾ?"

"ಬರಿಗಾಲಲ್ಲಿ."

ಅವರು ನನ್ನನ್ನು ಬದಿಗೆ ಸರಿಸಿ ನಿಮ್ಮ ಗೇಟನ್ನು ಅಂಗೈಯಿಂದ ಹೊಡೆದರು. ಬಾಗಿಲ ಮೇಲೆ ಹಿಟ್ಟಿನ ಕೈಗುರುತು ಇನ್ನೂ ಇದೆ.

"ರಿಸೋಲತ್. ನಾನು ಖೋಸಿಯತ್. ಮಗ್ಗ ನಿಲ್ಸು."

ಮಗ್ಗ ನಿಂತಿತು. ಮೂರು ವರ್ಷದಿಂದ ಆ ದನಿ ನಿಮ್ಮ ಗೇಟಿನಲ್ಲಿ ಕೇಳಿಸಿರಲಿಲ್ಲ.

"ಈಗ ನಾನು ಬೀಗರಿಗೆ ಫೋನ್ ಮಾಡೋಣ ಅಂತ ಎತ್ತಿದ್ರೆ ನಮ್ ಫೋನು ಸತ್ತಿತ್ತು," ಎಂದರು ಅತ್ತೆ ಮುಚ್ಚಿದ ಬಾಗಿಲಿಗೆ. "ನಮ್ದು ಸತ್ತಿದೆ ಅಂದ್ರೆ ನಿಮ್ದು ನಡೀತಿದೆ ಅಂತ ತಾನೇ? ನೀನು ಯಾರಿಗೂ ಮಾಡಿಲ್ಲ. ಹಂಗಾದ್ರೆ ನಿನಗೆ ಬಂದಿದ್ದು. ಈ ಹುಡ್ಗಿ ಸುಳ್ಳು ಹೇಳಿರ್ಬೋದು, ನನ್ ಫೋನ್ ಯಾಕೆ ಸುಳ್ಳು ಹೇಳುತ್ತೆ? ಅದು ನಿನ್ ತಮ್ಮಂದೇ ಕಣೇ, ಆ ಓಡಿಹೋದೋನ್ದು."

ಚಿಲಕ ತೆಗೆದರು. ಅಕ್ಕ ಕನ್ನಡಕ ಹಾಕಿಕೊಂಡೇ ಇದ್ದರು, ತೆಗೆಯುವುದನ್ನು ಮರೆತಿದ್ದರು. ಅತ್ತೆ ಹಿಟ್ಟಿನ ಕೈಯಿಂದಲೇ ಅವರ ಹೆಗಲು ಹಿಡಿದರು, ಆಮೇಲೆ ಇಬ್ಬರೂ ಒಳಗೆ ಹೋದರು. ನಾನು ಹೊರಗೇ ಇದ್ದೆ. ನನ್ನನ್ನು ಯಾರೂ ಕರೆಯಲಿಲ್ಲ, ಕರೆಯಬೇಕಾಗಿಯೂ ಇರಲಿಲ್ಲ.

ಇವತ್ತು ಬೆಳಿಗ್ಗೆ ಗೇಟು ತೆರೆದಿತ್ತು. ನಾನು ನನ್ನ ಮಗ್ಗದಲ್ಲಿ ಕೂತೆ. ಅಕ್ಕ ಕೆಲಸದ ಮಾತು ಬಿಟ್ಟು ಬೇರೇನೂ ಆಡುವುದಿಲ್ಲ. ಗಂಟೆಯನ್ನು ತೆಗೆದುಬಿಡಲೇ ಎಂದು ಕೇಳಿದೆ, ಅವರು ಲಾಳಿ ತೂರಿದರು. ಅದು ತುಂಡಾದ ತಂತಿಯ ಸಮೇತ ಅಲ್ಲೇ ನೇತಾಡುತ್ತಿದೆ, ನಾನು ತಲೆಯೆತ್ತಿದಾಗೆಲ್ಲ ಕಾಣುತ್ತದೆ. ಕಾಣಲಿ.

ಮಧ್ಯಾಹ್ನ ಟೀ ಕುಡಿಯುವಾಗ ಅವರೇ, "ಕಾಗದ ಬರೀತೀಯಲ್ಲ ಅವ್ನಿಗೆ? ಬರ್ಕೋ" ಎಂದರು. ಹೇಳಿದ್ದನ್ನು ಒಂದಕ್ಷರ ಬದಲಿಸದೆ ಕೆಳಗೆ ಬರೆದಿದ್ದೇನೆ. ಬರೆದದ್ದನ್ನು ಓದಿಸಿ ಕೇಳಿಸಿಕೊಂಡರು. ನನ್ನ ಮೇಲಿನ ನಂಬಿಕೆ ಈಗ ಅಷ್ಟೇ ಇದೆ.

"ಫೋನ್ ಮಾಡ್ಬೇಡ. ಫೋನಲ್ಲಿ ಹೇಳೋದೆಲ್ಲ ನಾನು ಹೇಳಿ ಮುಗಿಸಿದೀನಿ, ನಿನಗೆ ತಲುಪಿದೆ. ನಿನ್ ಮಾತು ಬಾಕಿ ಇದೆ, ಅದನ್ನ ಎದುರಿಗೆ ಬಂದು ಹೇಳು. ಜುಮ್ರಾದ್ ಮದುವೆ ಎಂಟನೇ ತಾರೀಕು ಶನಿವಾರ. ಅವತ್ತು ಈ ಬೀದೀಲಿ ಕಾಲಿಡ್ಬೇಡ, ಆ ದಿನ ಅವಳದು. ನಂಗೂ ಊಟಕ್ಕೆ ಹೇಳಿದಾರೆ, ಹೋಗ್ತೀನಿ. ಮಾರನೇ ದಿನ ಬಾ. ಅವತ್ತು ಬೆಳಿಗ್ಗೆ ತಂದೂರು ಹೊತ್ತಿಸಿ ರೊಟ್ಟಿ ಹಾಕ್ತೀನಿ. ನಿಂಗೆ ಮತ್ತೆ ಹೋಗ್ಬೇಕು ಅನ್ಸಿದ್ರೆ ಹೋಗು, ಆದ್ರೆ ಈ ಸಲ ಕಚ್ಚಿಟ್ಟು ಹೋಗು. ಸ್ಟೇಷನ್ನಿಗೆ ನಾನು ಬರಲ್ಲ, ದಾರಿ ನಿಂಗೆ ಗೊತ್ತು. ಕೊಟ್ಟಿಗೇಲಿ ಗಂಟೆ ಇಲ್ಲ, ಗೇಟು ತಟ್ಟು. ನಾನು ಬಾಗಿಲ ಈ ಕಡೆ ನಿಂತಿರ್ತೀನಿ. ಅಕ್ಟೋಬರ್ ಒಂಬತ್ತು, ಭಾನುವಾರ, ಬೆಳಿಗ್ಗೆ ಏಳು ಗಂಟೆಗೆ."